ಲೂಡೋ ಸಾಕಾಗಿದೆ, ಚೆಸ್‌ನಲ್ಲಿ ಒಬ್ಬರೇ ಗೆಲ್ಲುತ್ತಾರೆ: ಮನೆಮಂದಿಗೆಲ್ಲ ಯಾವ ಆಟ ತರಲಿ?

ತುಂಗೆ ದಡದವಳು

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ನಾವು ಐದು ಜನ. ನಾನು, ಯಜಮಾನರು, 11 ವರ್ಷದ ಮಗಳು, 7 ವರ್ಷದ ಮಗ, 72ರ ಅತ್ತೆ. ದಸರಾ ರಜೆ ಬಂತು. ರಾತ್ರಿ ಊಟವಾದ ಮೇಲೆ ಐವರೂ ಐದು ಮೂಲೆಯಲ್ಲಿ ಮೊಬೈಲ್ ಹಿಡಿದು ಕೂರುವುದು ನೋಡಿ ನೋಡಿ ಸಾಕಾಗಿದೆ. ಅತ್ತೆಯೂ ಹೊರತಲ್ಲ, ಅವರಿಗೆ ಅಡುಗೆ ವಿಡಿಯೊ ಬೇಕು.

ಮನೆಯಲ್ಲಿ ಲೂಡೋ, ಹಾವು ಏಣಿ, ಬಿಸಿನೆಸ್ ಆಟ, ಒಂದು ಚೆಸ್ ಇವೆ. ಲೂಡೋದಲ್ಲಿ ದಾಳ ಹೇಳಿದಂತೆ ಕಾಯಿ ತಳ್ಳುವುದು ಬಿಟ್ಟರೆ ನಾವು ಮಾಡುವುದು ಜಾಸ್ತಿ ಏನೂ ಇಲ್ಲ. ಬಿಸಿನೆಸ್ ಮೂರು ಗಂಟೆ ಎಳೆಯುತ್ತದೆ. ಮೊದಲು ದಿವಾಳಿಯಾದವರು ಎದ್ದು ಹೋಗಿ ಟಿವಿ ಹಾಕುತ್ತಾರೆ. ಚೆಸ್‌ನಲ್ಲಿ ಯಾವತ್ತೂ ಯಜಮಾನರದ್ದೇ ಗೆಲುವು, ಅದಕ್ಕೇ ಅವರ ಎದುರು ಯಾರೂ ಕೂರುವುದಿಲ್ಲ.

ತಲೆ ಓಡಿಸಬೇಕು, ಎಲ್ಲರಿಗೂ ಹೊಸದಾಗಿರಬೇಕು, ಅಂಥ ಆಟ ಹೇಳಿ. ಅತ್ತೆಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಮುಕ್ಕಾಲು ಗಂಟೆಯಲ್ಲಿ ಮುಗಿಯಬೇಕು. ಮಗ ಸೋತರೆ ಮಣೆಯನ್ನೇ ಎತ್ತಿ ಒಗೆಯುತ್ತಾನೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಎರಡು ಸಾವಿರದ ಒಳಗೆ ಇರಲಿ. ಹೋದ ವರ್ಷ ಒಂದು ಆನ್‌ಲೈನ್ ಅಂಗಡಿಯಿಂದ ಅರ್ಧ ಬೆಲೆಗೆ ಸಿಕ್ಕಿತು ಅಂತ ಒಂದು ಆಟ ತರಿಸಿದ್ದೆ. ನಕಲಿ ಮಾಲು, ಎರಡು ಬಣ್ಣ ಒಂದೇ ಥರ ಕಾಣುತ್ತಿತ್ತು. ಪೆಟ್ಟಿಗೆ ಈಗ ಅಟ್ಟದ ಮೇಲಿದೆ.

ಸಿಡುಕು ಸಿದ್ದ

ಚೆಸ್ ಇದೆ ಅಂತೀರಿ, ಮತ್ತೆ ತಲೆ ಓಡಿಸುವ ಆಟ ಬೇಕು ಅಂತೀರಿ! ಮಕ್ಕಳಿಗೆ ಚೆಸ್ ಕಲಿಸಿ. ಸುಮ್ನೆ ದುಡ್ಡು ದಂಡ.

ತುಂಗೆ ದಡದವಳು

ಸಿದ್ದಣ್ಣ, ಕಲಿಸಿ ಆಗಿದೆ. ಇಪ್ಪತ್ತು ವರ್ಷ ಆಡಿದವರ ಎದುರು ಎರಡು ತಿಂಗಳು ಕಲಿತವಳನ್ನು ಕೂರಿಸಿದರೆ ಅದು ಆಟವಲ್ಲ, ಪಾಠ. ಅದೂ ಇಬ್ಬರಿಗೆ ಮಾತ್ರ. ಉಳಿದ ಮೂವರು ಏನು ಮಾಡಬೇಕು?

ಒಂಟಿಕೊಪ್ಪಲಿನವ

ಅಕ್ಕಾ, ಅಂಗಡಿಗೆ ಹೋಗುವ ಮೊದಲು ಅತ್ತೆಯವರನ್ನು ಒಂದು ಮಾತು ಕೇಳಿ, ಚಿಕ್ಕವರಿದ್ದಾಗ ಏನು ಆಡುತ್ತಿದ್ದರು ಅಂತ. ನನ್ನ ಅಂದಾಜು, ಚೌಕಾಬಾರ ಅಂತಾರೆ.

ನಮ್ಮ ಮೈಸೂರಿನ ಮನೆಯಲ್ಲಿ ಇವತ್ತಿಗೂ ಆಡುತ್ತೇವೆ. ಐದು ಮನೆ ಅಗಲ, ಐದು ಮನೆ ಉದ್ದ, ಒಟ್ಟು 25 ಮನೆ. ಚಾಕ್‌ಪೀಸ್ ಇದ್ದರೆ ಮಣೆಯೂ ಬೇಡ, ನೆಲ ಸಾಕು. ಒಬ್ಬೊಬ್ಬರಿಗೆ ನಾಲ್ಕು ಕಾಯಿ, ನಾಲ್ಕು ಕವಡೆ. ಎಷ್ಟು ಕವಡೆ ಬಾಯಿ ಮೇಲಾಗಿ ಬಿತ್ತೋ ಅಷ್ಟು ಮನೆ. ನಾಲ್ಕೂ ಮೇಲಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಮಗುಚಿ ಬಿದ್ದರೆ ಬಾರ, ಎಂಟು. ಚೌಕ ಬಾರ ಬಿದ್ದರೆ ಇನ್ನೊಂದು ಸಲ ಹಾಕಬಹುದು. ಹೊರ ಸುತ್ತು ಒಂದು ದಿಕ್ಕು, ಒಳ ಸುತ್ತು ಅದಕ್ಕೆ ತಿರುಗು ದಿಕ್ಕು. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳ ಸುತ್ತಿಗೆ ಹೋಗುವಂತಿಲ್ಲ. ಮಜಾ ಇರುವುದೇ ಇಲ್ಲಿ. ತನ್ನ ಪಾಡಿಗೆ ತಾನು ಕಟ್ಟೆಯಿಂದ ಕಟ್ಟೆಗೆ (ಕಟ್ಟೆ ಅಂದರೆ ಕಾಯಿ ಹೊಡೆಯುವಂತಿಲ್ಲದ ಮನೆ) ಬಚ್ಚಿಟ್ಟುಕೊಂಡು ಹೋಗುವವನು ಹೊರಗೇ ಸುತ್ತುತ್ತಿರಬೇಕು.

ಮುಮ್ಮಡಿ ಕೃಷ್ಣರಾಜ ಒಡೆಯರಿಗೆ (1794–1868) ಮಣೆ ಆಟಗಳ ಹುಚ್ಚೇ ಹಿಡಿದಿತ್ತು. ಅವರೇ ಹೊಸ ಹೊಸ ಆಟ ಕಟ್ಟಿದ್ದರು. ಅವರ ‘ಶ್ರೀತತ್ತ್ವನಿಧಿ’ ಗ್ರಂಥದಲ್ಲಿ ಕೌತುಕನಿಧಿ ಅನ್ನುವ ಭಾಗ ಇರುವುದೇ ಆಟಗಳಿಗಾಗಿ. ರಜೆಯಲ್ಲಿ ಈ ಕಡೆ ಬಂದರೆ ಜಗನ್ಮೋಹನ ಅರಮನೆಗೂ ಒಂದು ಸುತ್ತು ಹಾಕಿ. ಇಲ್ಲಿ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು ‘ಕ್ರೀಡಾ ಕೌಶಲ್ಯ’ ಅಂತ ಹಳೇ ಆಟಗಳ ಪ್ರದರ್ಶನ ಮಾಡುತ್ತಾ ಬಂದಿದ್ದಾರೆ. ಬಟ್ಟೆಯ ಹಾಸು, ಮರದ ಮಣೆ, ಕಾಯಿ ಎಲ್ಲ ನಾನು ಅಲ್ಲೇ ಮೊದಲು ಕಂಡದ್ದು.

ಜೇನುಗೂಡು

ಒಂಟಿಕೊಪ್ಪಲಿನವರೇ, ತಪ್ಪು ತಿಳಿಯಬೇಡಿ. ಅಕ್ಕ ಕೇಳಿದ್ದು ತಲೆ ಓಡಿಸುವ ಆಟ. ಕವಡೆ ಹಾಕಿ ಆಡುವುದು ಲೂಡೋದ ಅಣ್ಣ ಅಷ್ಟೇ ಅಲ್ವಾ?

ನನ್ನ ಕಡೆಯಿಂದ ಎರಡು. ಒಂದು ಹೈವ್. ಮಣೆಯೇ ಇಲ್ಲ. ಆರು ಮೂಲೆಯ ಗಟ್ಟಿ ಬಿಲ್ಲೆಗಳು, ಒಬ್ಬರಿಗೆ 11. ರಾಣಿ ಜೇನು, ಇರುವೆ, ಜೇಡ, ಮಿಡತೆ, ಜೀರುಂಡೆ. ಒಂದೊಂದು ಹುಳದ ನಡೆ ಒಂದೊಂದು ಥರ. ಮಿಡತೆ ಹಾರುತ್ತದೆ, ಜೀರುಂಡೆ ಬೇರೆಯವರ ಬೆನ್ನು ಹತ್ತಿ ಕೂರುತ್ತದೆ. ಎದುರಾಳಿಯ ರಾಣಿಯನ್ನು ಆರೂ ಕಡೆ ಮುತ್ತಿದರೆ ಗೆದ್ದಿರಿ. ಓದುವುದಕ್ಕೆ ಒಂದಕ್ಷರವೂ ಇಲ್ಲ. ನಾನು ರೈಲಿನಲ್ಲಿ ಆಡುತ್ತೇನೆ, ಚಹಾ ಚೆಲ್ಲಿದರೂ ಒರೆಸಿದರೆ ಆಯಿತು. ಆದರೆ ಇಬ್ಬರಿಗೆ ಮಾತ್ರ.

ಇನ್ನೊಂದು ಕ್ವಾರಿಡಾರ್. ಒಂಬತ್ತಕ್ಕೆ ಒಂಬತ್ತು ಮನೆ. ನಿಮ್ಮ ಒಂದೇ ಕಾಯಿ ಆಚೆ ದಡ ಮುಟ್ಟಬೇಕು. ಪ್ರತಿ ಸರದಿಗೆ ಒಂದು ಮನೆ ನಡೆಯಿರಿ, ಇಲ್ಲ ಒಂದು ಗೋಡೆ ನೆಡಿ. ಒಟ್ಟು 20 ಗೋಡೆ. ಇಬ್ಬರಾದರೆ ಹತ್ತು ಹತ್ತು, ನಾಲ್ವರಾದರೆ ಐದೈದು. ಎದುರಿನವರ ದಾರಿಯನ್ನು ಎಷ್ಟು ಬೇಕಾದರೂ ಸುತ್ತಿ ಬಳಸಿ ಮಾಡಬಹುದು, ಪೂರ್ತಿ ಮುಚ್ಚುವಂತಿಲ್ಲ. ನಿಯಮ ಎರಡು ನಿಮಿಷದಲ್ಲಿ ಹೇಳಿ ಮುಗಿಸಬಹುದು. ಕೊಳ್ಳುವ ಮೊದಲು ಕಾಗದದ ಮೇಲೆ ಚೌಕ ಬರೆದು, ಬೆಂಕಿಕಡ್ಡಿಯನ್ನು ಗೋಡೆ ಮಾಡಿ ಆಡಿ ನೋಡಿ. ಹಿಡಿಸಿದರೆ ಆಮೇಲೆ ದುಡ್ಡು ಹಾಕಿ.

ನಿವೃತ್ತ ಗಣಿತದ ಮೇಷ್ಟ್ರು

ಜೇನುಗೂಡು ಅವರೇ, ಕವಡೆ ಆಟ ಬರೀ ಅದೃಷ್ಟ ಅಂದದ್ದಕ್ಕೆ ಸುಮ್ಮನಿರಲು ಆಗಲಿಲ್ಲ.

ನಾಲ್ಕು ಕವಡೆ ಬೀಳುವ ಬಗೆ ಒಟ್ಟು 16. ಕವಡೆ ಎರಡೂ ಮಗ್ಗುಲಿಗೆ ಸಮನಾಗಿ ಬೀಳುತ್ತದೆ ಅಂದುಕೊಳ್ಳೋಣ. ಆಗ ಎರಡು ಬೀಳುವುದು 6 ಬಗೆಯಲ್ಲಿ. ಒಂದು ಬೀಳುವುದು 4, ಮೂರು ಬೀಳುವುದು 4. ಚೌಕಕ್ಕೆ ಒಂದೇ ಬಗೆ, ಬಾರಕ್ಕೂ ಒಂದೇ. ಲೂಡೋ ದಾಳದಲ್ಲಿ ಆರು ಅಂಕಿಗೂ ಸಮಪಾಲು, ಹಾಗಾಗಿ ಅಲ್ಲಿ ಒಂದು ಮನೆ ಮುಂದೆ ನಿಂತರೂ ಐದು ಮನೆ ಮುಂದೆ ನಿಂತರೂ ಹೆದರಿಕೆ ಹೆಚ್ಚು ಕಮ್ಮಿ ಒಂದೇ. ಇಲ್ಲಿ ಹಾಗಲ್ಲ. ಎದುರಾಳಿಯ ಕಾಯಿಗಿಂತ ಎರಡು ಮನೆ ಮುಂದೆ ನಿಲ್ಲುವುದು ಅಂದರೆ ಕುತ್ತಿಗೆ ಚಾಚಿ ಕೊಟ್ಟ ಹಾಗೆ. ನಾಲ್ಕು ಮನೆ ಮುಂದೆ ನಿಂತವನು ನೆಮ್ಮದಿಯಾಗಿ ಎಲೆ ಅಡಿಕೆ ಹಾಕಬಹುದು. ನಾಲ್ಕು ಕಾಯಿಯಲ್ಲಿ ಯಾವುದನ್ನು ನಡೆಸುವುದು, ಯಾವುದನ್ನು ಕಟ್ಟೆಯಲ್ಲೇ ಬಿಡುವುದು, ಯಾವಾಗ ಹೊಡೆಯಲು ಕಾಯುವುದು, ಎಲ್ಲ ಈ ಲೆಕ್ಕದ ಮೇಲೆ. ಹಳೇ ಹೆಂಗಸರು 16ರ ಲೆಕ್ಕ ಬರೆದವರಲ್ಲ, ಕೈ ಬಳಕೆಯಿಂದ ಕಂಡುಕೊಂಡವರು.

ಇನ್ನೊಂದು ಮಾತು. ಮನೆಯಲ್ಲಿ ದೊಡ್ಡವರು ಚಿಕ್ಕವರು ಕೂಡಿ ಆಡುವಾಗ ಒಂದು ಚಿಟಿಕೆ ಅದೃಷ್ಟ ಇರಬೇಕು. ಇಲ್ಲದಿದ್ದರೆ ಚೆಸ್‌ನ ಕತೆಯೇ.

ಜೇನುಗೂಡು

ಒಪ್ಪಿದೆ ಮೇಷ್ಟ್ರೇ, ‘ಲೂಡೋದ ಅಣ್ಣ’ ವಾಪಸ್ ತಗೊಂಡೆ.

ರೈನ್ ದಂಡೆ

ಜರ್ಮನಿಯಲ್ಲಿ ಇರುವ ಕನ್ನಡತಿ ನಾನು. ಇಲ್ಲಿ ಚಳಿಗಾಲದಲ್ಲಿ ನಾಲ್ಕೂವರೆಗೇ ಕತ್ತಲು, ಹಾಗಾಗಿ ಇಲ್ಲಿಯವರಿಗೆ ಮಣೆ ಆಟ ಅಂದರೆ ನಮಗೆ ಸಂಜೆ ಕಾಫಿ ಇದ್ದ ಹಾಗೆ. ಎಸ್ಸೆನ್ ಊರಿನಲ್ಲಿ ಪ್ರತಿ ಅಕ್ಟೋಬರಿನಲ್ಲಿ ಆಟಗಳದ್ದೇ ಜಾತ್ರೆ ನಡೆಯುತ್ತದೆ. 1979ರಿಂದ ‘ಸ್ಪೀಲ್ ಡೆಸ್ ಯಾರೆಸ್’, ಅಂದರೆ ವರ್ಷದ ಆಟ, ಅಂತ ಬಹುಮಾನ ಕೊಡುತ್ತಾರೆ. ಪೆಟ್ಟಿಗೆಯ ಮೇಲೆ ಕೆಂಪು ಕಾಯಿಯ ಗುರುತು ಇದ್ದರೆ ಅದು ಮನೆಮಂದಿ ಆಡುವ ಆಟ. ನೀಲಿ ಕಾಯಿ ಚಿಕ್ಕ ಮಕ್ಕಳಿಗೆ. ಕಪ್ಪು ಬೂದು ಬಣ್ಣದ್ದು ಪಳಗಿದವರಿಗೆ, ಅದನ್ನು ಮೊದಲಿಗೇ ಮುಟ್ಟಬೇಡಿ.

ನಿಮಗೆ ನಾನು ಹೇಳುವುದು ಕಿಂಗ್‌ಡೊಮಿನೊ. 2017ರಲ್ಲಿ ಕೆಂಪು ಕಾಯಿ ಗೆದ್ದದ್ದು. ಎರಡೆರಡು ಮನೆಯ 48 ಬಿಲ್ಲೆ. ಕಾಡು, ಗದ್ದೆ, ನೀರು, ಹುಲ್ಲುಗಾವಲು ಹೀಗೆ. ಒಂದೇ ಬಗೆಯ ನೆಲವನ್ನು ಅಕ್ಕಪಕ್ಕ ಜೋಡಿಸಿ ಐದಕ್ಕೆ ಐದು ಮನೆಯ ರಾಜ್ಯ ಕಟ್ಟಬೇಕು. ಕೊನೆಗೆ ಆ ನೆಲದ ಮನೆಗಳನ್ನು ಅದರಲ್ಲಿರುವ ಕಿರೀಟಗಳಿಂದ ಗುಣಿಸಿ. ದೊಡ್ಡ ಗದ್ದೆ ಇದ್ದು ಕಿರೀಟ ಇಲ್ಲದಿದ್ದರೆ ಸೊನ್ನೆ! ಇದರಲ್ಲಿ ನನಗೆ ಇಷ್ಟವಾದ ಜಾಣತನ ಒಂದಿದೆ. ಈಗ ಒಳ್ಳೆಯ ಬಿಲ್ಲೆ ಎತ್ತಿಕೊಂಡವರು ಮುಂದಿನ ಸರದಿಯಲ್ಲಿ ಹಿಂದಕ್ಕೆ ಹೋಗುತ್ತಾರೆ. ಸಾಧಾರಣ ಬಿಲ್ಲೆ ತೆಗೆದುಕೊಂಡವರಿಗೆ ಮುಂದೆ ಮೊದಲ ಆಯ್ಕೆ. ಏಳು ವರ್ಷದ ಹುಡುಗನಿಗೂ ಇದು ಎರಡನೇ ಆಟದಲ್ಲಿ ಹೊಳೆಯುತ್ತದೆ. 15–20 ನಿಮಿಷ ಸಾಕು.

ಮಗಳಿಗೆ ಬಣ್ಣ, ಚಿತ್ತಾರ ಇಷ್ಟವಿದ್ದರೆ ಆಜುಲ್. ಪೋರ್ಚುಗಲ್ಲಿನ ಗೋಡೆ ಹಂಚು ಜೋಡಿಸುವ ಆಟ. ನೋಡಲು ಸಾಧು, ಒಳಗೆ ಕೊಂಚ ದುಷ್ಟ. ಬೇಡದ ಹಂಚುಗಳನ್ನು ಪಕ್ಕದವರ ತಲೆಗೆ ಕಟ್ಟುವುದರಲ್ಲೇ ಅರ್ಧ ಆಟ. ನಮ್ಮತ್ತೆ ನಗುನಗುತ್ತಲೇ ನನಗೆ ಎಷ್ಟು ಸಲ ಕಟ್ಟಿದ್ದಾರೋ! ಇವೆರಡರಲ್ಲೂ ಆಡುವಾಗ ಓದಬೇಕಾದದ್ದು ಏನೂ ಇಲ್ಲ. ಆದರೆ ಎರಡೂ ನಾಲ್ವರಿಗೆ.

ಐವರೂ ಬೇರೆ ಬೇರೆ ಕೂರಲೇಬೇಕು ಅಂದರೆ ಆಮೆ ಮೊಲದ ಆಟ, ‘ಹೇರ್ ಆ್ಯಂಡ್ ಟಾರ್ಟಾಯ್ಸ್’. 1979ರ ಮೊದಲ ಬಹುಮಾನ ಇದಕ್ಕೇ. ಆರು ಜನರವರೆಗೆ ಆಡಬಹುದು. ಓಟದ ಪಂದ್ಯ, ಆದರೆ ದಾಳ ಇಲ್ಲ. ನಡೆಯಲು ಕ್ಯಾರೆಟ್ ಖರ್ಚು ಮಾಡಬೇಕು.

ನಿವೃತ್ತ ಗಣಿತದ ಮೇಷ್ಟ್ರು

ಆ ಕ್ಯಾರೆಟ್ ಲೆಕ್ಕ ಹೇಳದೆ ಬಿಟ್ಟಿರಲ್ಲಮ್ಮ. ಒಂದು ಮನೆಗೆ 1 ಕ್ಯಾರೆಟ್, ಎರಡು ಮನೆಗೆ 3, ಮೂರಕ್ಕೆ 6, ನಾಲ್ಕಕ್ಕೆ 10. ಒಂದೇ ಏಟಿಗೆ ಹತ್ತು ಮನೆ ಹಾರಿದರೆ 55. ಅವಸರ ಮಾಡಿದಷ್ಟೂ ದುಬಾರಿ. ಹಿಂದಕ್ಕೆ ಆಮೆ ಮನೆಗೆ ಸರಿದರೆ ಒಂದೊಂದು ಮನೆಗೆ ಹತ್ತು ಕ್ಯಾರೆಟ್ ವಾಪಸ್. ಗುರಿ ಮುಟ್ಟುವಾಗ ಕೈಯಲ್ಲಿ ಜಾಸ್ತಿ ಕ್ಯಾರೆಟ್ ಉಳಿಸಿಕೊಂಡಿದ್ದರೂ ಒಳಗೆ ಬಿಡುವುದಿಲ್ಲ. 11 ವರ್ಷದ ಹುಡುಗಿಗೆ ಮಗ್ಗಿಗಿಂತ ಇದು ಮೇಲು.

ತುಂಗೆ ದಡದವಳು

ಆಮೆ ಮೊಲ ಬಿಟ್ಟರೆ ಎಲ್ಲವೂ ಇಬ್ಬರಿಗೆ, ಇಲ್ಲ ನಾಲ್ವರಿಗೆ. ನಾವು ಐವರು! ಆಟ ಮಾಡುವವರು ಅತ್ತೆಯಂದಿರನ್ನು ಲೆಕ್ಕಕ್ಕೇ ಹಿಡಿದಿಲ್ಲ ಅನ್ನಿಸುತ್ತದೆ.

ಹೊಸಪೇಟೆ ಹುಡುಗ

ಅಕ್ಕಾರ, ಅಜ್ಜಿ ಮೊಮ್ಮಗ ಇಬ್ಬರನ್ನೂ ಒಂದು ಜೋಡಿ ಮಾಡ್ರಿ. ನಾಲ್ಕೇ ಆಗುತ್ತದೆ. ನಮ್ಮ ಮನೆಯಲ್ಲಿ ಹಂಗೇ ನಡೆಯುವುದು. ಹುಡುಗ ಸೋತರೂ ಅಜ್ಜಿ ಜೊತೆಗೆ ಸೋತಿರುತ್ತಾನೆ. ಮಣೆ ಒಗೆಯಲು ಕೈ ಬರುವುದಿಲ್ಲ.

ಇನ್ನು ಆಟ ಅಂದರೆ ಹುಲಿ ಕುರಿ. ಹಂಪಿಗೆ ಬಂದಾಗ ಗುಡಿಯ ಕಲ್ಲು ಹಾಸಿನ ಮೇಲೆ ಸುಮ್ಮನೆ ಕಣ್ಣಾಡಿಸಿ. ಇಂಥ ಆಟದ ಮನೆಗಳನ್ನು ಕೆತ್ತಿದ್ದು ಕಾಣುತ್ತದೆ. ಮೂರು ಹುಲಿ, 15 ಕುರಿ, ಗೆರೆಗಳು ಕೂಡುವ 23 ಜಾಗ. ಕುರಿಗಳು ಒಂದೊಂದಾಗಿ ಇಳಿಯುತ್ತವೆ. ಹುಲಿ ಕುರಿಯ ಮೇಲೆ ಹಾರಿ ಆಚೆಯ ಖಾಲಿ ಜಾಗಕ್ಕೆ ಬಿದ್ದರೆ ಕುರಿ ಹೋಯಿತು. ಮೂರೂ ಹುಲಿ ಅಲ್ಲಾಡದಂತೆ ಕಟ್ಟಿಹಾಕಿದರೆ ಕುರಿಯವರು ಗೆದ್ದರು. ಎರಡು ಕಡೆಯ ಬಲವೂ ಬೇರೆ, ಬುದ್ಧಿಯೂ ಬೇರೆ. ದಾಳ ಇಲ್ಲ, ಕವಡೆ ಇಲ್ಲ. ಹೊಸಬರು ಹುಲಿ ಹಿಡಿಯಲಿ, ಅದು ಸುಲಭ. ಕುರಿ ಆಡಲು ತಾಳ್ಮೆ ಬೇಕು. ಮೊದಲು ಅಂಚು ಹಿಡಿಯಬೇಕು, ಹಿಂದೆ ಖಾಲಿ ಜಾಗ ಬಿಡಬಾರದು. ಖರ್ಚು ಅಂದರೆ ಒಂದು ರಟ್ಟು, 15 ಹುಣಸೆ ಬೀಜ, ಮೂರು ಬೆಣಚು ಕಲ್ಲು.

ಕುಡ್ಲದವಳು

ಸೋತಾಗ ಮಣೆ ಎತ್ತುವುದು ನಿಮ್ಮ ಮಗನಿಂದ ಶುರುವಾದದ್ದಲ್ಲ ಮಾರಾಯ್ರೆ! ನಮ್ಮ ತುಳುನಾಡಿನ ಸಿರಿ ಪಾಡ್ದನ ಅನ್ನುವ ಹಾಡುಗತೆಯಲ್ಲಿ ಅಬ್ಬಗ ದಾರಗ ಅಂತ ಅಕ್ಕ ತಂಗಿ ಬರುತ್ತಾರೆ. ಚೆನ್ನೆಮಣೆ ಆಡುತ್ತಾ ಜಗಳವಾಗಿ, ಒಬ್ಬಳು ಮಣೆಯಲ್ಲೇ ಇನ್ನೊಬ್ಬಳಿಗೆ ಹೊಡೆದು ಸಾಯಿಸುತ್ತಾಳೆ. ಆಮೇಲೆ ತಾನೂ ಬಾವಿಗೆ ಹಾರುತ್ತಾಳೆ. ಒಡಹುಟ್ಟಿದವರು ಎದುರು ಬದುರು ಕೂತು ಚೆನ್ನೆ ಆಡಬಾರದು ಅಂತ ನಮ್ಮಜ್ಜಿ ಹೇಳುತ್ತಿದ್ದದ್ದು ಇದಕ್ಕೇ. ನಾವು ಅಣ್ಣ ತಂಗಿ ಕದ್ದು ಆಡುತ್ತಿದ್ದೆವು, ಅದು ಬೇರೆ ವಿಷಯ.

ನಿಮ್ಮ ಕಡೆ ಇದು ಅಳಗುಳಿ ಮಣೆ. ಏಳು ಏಳರ ಎರಡು ಸಾಲು, 14 ಗುಳಿ. ನಮ್ಮಲ್ಲಿ ಗುಳಿಗೆ ನಾಲ್ಕು ಕಾಯಿ, ಒಟ್ಟು 56. ಐದು ಹಾಕುವವರೂ ಇದ್ದಾರೆ. ಒಂದು ಗುಳಿಯ ಕಾಯಿ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದು ಬಿತ್ತುತ್ತಾ ಹೋಗುವುದು. ಮುಗಿದಲ್ಲಿ ಮುಂದಿನ ಗುಳಿಯಿಂದ ಮತ್ತೆ ಎತ್ತುವುದು. ಮುಂದೆ ಖಾಲಿ ಗುಳಿ ಸಿಕ್ಕಿದರೆ ಅದರಾಚೆಯ ಗುಳಿಯಲ್ಲಿ ಇರುವುದೆಲ್ಲ ನಿಮಗೆ. ಪೂರ್ತಿ ಲೆಕ್ಕದ ಆಟ. ಹೊರಗೆ ಧೋ ಮಳೆ ಸುರಿಯುವ ಆಟಿ ತಿಂಗಳಲ್ಲಿ ಗದ್ದೆ ಕೆಲಸ ಇರುತ್ತಿರಲಿಲ್ಲ, ಮಧ್ಯಾಹ್ನವೆಲ್ಲ ಇದೇ. ಅಜ್ಜಿ ಕಾಯಿ ಎಣಿಸುತ್ತಲೇ ಇರಲಿಲ್ಲ. ಗುಳಿಯನ್ನು ಬೆರಳಲ್ಲಿ ಮುಟ್ಟಿ, ಎಲ್ಲಿ ಮುಗಿಯುತ್ತದೆ ಅಂತ ಹೇಳುತ್ತಿದ್ದರು.

ಎರಡು ಮಕ್ಕಳ ತಾಯಿ

ಸೋಲು ತಡೆಯದ ಹುಡುಗ ನಮ್ಮಲ್ಲೂ ಒಬ್ಬನಿದ್ದಾನೆ. ‘ಫರ್ಬಿಡನ್ ಐಲ್ಯಾಂಡ್’ ತಂದೆವು. ಇದರಲ್ಲಿ ಎಲ್ಲರೂ ಒಂದೇ ಪಕ್ಷ. ದ್ವೀಪ ಮುಳುಗುವ ಮೊದಲು ನಾಲ್ಕು ನಿಧಿ ಎತ್ತಿಕೊಂಡು ಪಾರಾಗಬೇಕು. ಗೆದ್ದರೆ ಎಲ್ಲರೂ, ಸೋತರೆ ಎಲ್ಲರೂ. ಅರ್ಧ ಗಂಟೆಯ ಆಟ. ಆದರೆ ಒಂದು ತೊಂದರೆ. ಮನೆಯಲ್ಲಿ ಎಲ್ಲ ಗೊತ್ತಿರುವವರು ಒಬ್ಬರು ಇರುತ್ತಾರಲ್ಲ, ಅವರು ಉಳಿದವರ ಕಾಯಿಯನ್ನೂ ತಾವೇ ನಡೆಸುತ್ತಾರೆ. ನಮ್ಮನೆಯಲ್ಲಿ ಅದು ನಾನೇ. ಈಗ ಬೇರೆಯವರ ಸರದಿಯಲ್ಲಿ ನಾನು ಬಾಯಿ ಬಿಡಬಾರದು ಅಂತ ನಿಯಮ ಮಾಡಿದ್ದಾರೆ. ಕಾರ್ಡಿನ ಮೇಲೆ ಒಂದಿಷ್ಟು ಇಂಗ್ಲಿಷ್ ಇದೆ, ಮಗಳು ಓದಿ ಹೇಳಿದರೆ ಸಾಕು.

ಜೇನುಗೂಡು

ಕೊಳ್ಳುವ ಮೊದಲು ಬೋರ್ಡ್ ಗೇಮ್ ಗೀಕ್ ತಾಣದಲ್ಲಿ ಆಟದ ಹೆಸರು ಹಾಕಿ ನೋಡಿ ಅಕ್ಕ. ಆಟದ ‘ತೂಕ’ ಅಂತ ಒಂದು ಅಂಕಿ ಕೊಟ್ಟಿರುತ್ತಾರೆ, 5ಕ್ಕೆ ಎಷ್ಟು ಕಷ್ಟ ಅಂತ. ನಿಮ್ಮ ಮನೆಗೆ 2ರ ಒಳಗಿರಲಿ. ಎಷ್ಟು ಜನ ಆಡಿದರೆ ಚೆನ್ನ ಅಂತ ಆಡಿದವರೇ ಮತ ಹಾಕಿರುತ್ತಾರೆ. ಪೆಟ್ಟಿಗೆಯ ಮೇಲೆ ಬರೆದದ್ದಕ್ಕಿಂತ ಅದನ್ನು ನಂಬಿ. ಬೋರ್ಡ್ ಗೇಮ್ ಅರೆನಾ ತಾಣದಲ್ಲಿ ಕಿಂಗ್‌ಡೊಮಿನೊ, ಕ್ವಾರಿಡಾರ್ ಎಲ್ಲ ಆಡಿಯೂ ನೋಡಬಹುದು. ಹೌದು, ಮತ್ತೆ ಮೊಬೈಲೇ! ಒಂದು ದಿನಕ್ಕೆ ಮಾಫಿ ಮಾಡಿ.

ನಕಲಿ ಮಾಲಿನ ವಿಷಯ: ಮಾಮೂಲಿ ಬೆಲೆಯ ಅರ್ಧಕ್ಕೆ ಕೊಡುತ್ತೇವೆ ಅಂದರೆ ಅನುಮಾನ ಪಡಿ. ಪ್ರಕಾಶಕರ ಹೆಸರು ಪೆಟ್ಟಿಗೆ ಚಿತ್ರದಲ್ಲಿ ಇದೆಯಾ ನೋಡಿ.

ಸಿಡುಕು ಸಿದ್ದ

ಹುಲಿ ಕುರಿ ನಾನೂ ಆಡುತ್ತಿದ್ದೆ. ಕೆರೆ ಏರಿ ಮೇಲೆ, ದನ ಮೇಯಲು ಬಿಟ್ಟು. ಅದನ್ನು ಮೊದಲೇ ಹೇಳಬಹುದಿತ್ತು ನಾನು.

ತುಂಗೆ ದಡದವಳು

ರಜೆ ಮುಗಿಯಿತು, ವರದಿ ಒಪ್ಪಿಸುತ್ತೇನೆ.

ಒಂಟಿಕೊಪ್ಪಲಿನವರು ಹೇಳಿದಂತೆ ಅತ್ತೆಯನ್ನು ಕೇಳಿದೆ. ಒಂದು ಮಾತೂ ಆಡದೆ ಒಳಗೆ ಹೋಗಿ ಟ್ರಂಕಿನ ತಳದಿಂದ ಒಂದು ಬಟ್ಟೆ ಗಂಟು ತಂದರು. ನಾಲ್ಕು ಕವಡೆ, ಹಿಡಿ ಗುಲಗಂಜಿ. ಮದುವೆಯಾಗಿ ಬರುವಾಗ ತಂದದ್ದಂತೆ. ನಾನು ಈ ಮನೆಗೆ ಬಂದು ಹದಿಮೂರು ವರ್ಷ, ಒಂದು ದಿನ ನೋಡಿರಲಿಲ್ಲ.

ಮೊದಲ ರಾತ್ರಿ ಹುಲಿ ಕುರಿ. ಅತ್ತೆ ಮೊಮ್ಮಗ ಜೋಡಿ ಕುರಿ ಹಿಡಿದು, ಚೆಸ್ ಶೂರರ ಮೂರೂ ಹುಲಿಗಳನ್ನು ಕಟ್ಟಿಹಾಕಿದರು. ಯಜಮಾನರು ಇನ್ನೊಂದಾಟ ಅಂದರು. ಅದೂ ಹೋಯಿತು. ಮೂರನೆಯದಕ್ಕೆ ಹುಲಿ ಗೆದ್ದಿತು, ಮಗನ ಕೆನ್ನೆ ಕೆಂಪಾಯಿತು. ಅತ್ತೆ "ಬಾರೋ, ಎಲ್ಲಿ ಜಾಗ ಬಿಟ್ಟೆವು ನೋಡೋಣ" ಅಂತ ಕುರಿಗಳನ್ನು ಮತ್ತೆ ಮೊದಲಿನಂತೆ ಜೋಡಿಸಿದರು. ಮಣೆ ನೆಲದ ಮೇಲೇ ಉಳಿಯಿತು. ಒಂದೇ ಒಂದು ಸಲ ಆಮೇಲೆ ಹಾರಿತು, ಅದು ಕ್ವಾರಿಡಾರ್ ಕಾಗದ, ಲೆಕ್ಕಕ್ಕಿಲ್ಲ. ಬೆಂಕಿಕಡ್ಡಿ ಮಾತ್ರ ಸೋಫಾ ಅಡಿಯಿಂದ ಇವತ್ತೂ ಸಿಗುತ್ತಿವೆ.

ಕಿಂಗ್‌ಡೊಮಿನೊ ತರಿಸಿದೆ, ಅಸಲಿ. ಮಗಳಿಗೆ ಹುಚ್ಚು ಹಿಡಿದಿದೆ. ಅತ್ತೆಗೆ ಅಷ್ಟಕ್ಕಷ್ಟೆ, "ಇದರಲ್ಲಿ ಯಾರನ್ನೂ ಹೊಡೆಯುವ ಹಾಗೇ ಇಲ್ವಲ್ಲ" ಅಂದರು.

ಮೇಷ್ಟ್ರೇ, ನಿಮಗೊಂದು ತಕರಾರು ಇದೆ. ನಿಮ್ಮ 16ರ ಲೆಕ್ಕ ಓದಿ ಹೇಳಿದೆ. ಎರಡು ಜಾಸ್ತಿ ಬೀಳುತ್ತದೆ ಅನ್ನುವುದು ಸುಳ್ಳು, ಮೂರೇ ಜಾಸ್ತಿ ಅಂತ ಅತ್ತೆ ಪಟ್ಟು ಹಿಡಿದಿದ್ದಾರೆ.

ನಿವೃತ್ತ ಗಣಿತದ ಮೇಷ್ಟ್ರು

ಸಮನಾಗಿ ಬೀಳುವ ಕವಡೆ ಅಂತ ಅಂದುಕೊಂಡು ಮಾಡಿದ ಲೆಕ್ಕ ಅದು ತಾಯಿ. ನಿಜವಾದ ಕವಡೆಯ ಬೆನ್ನು ಒಂದು ಥರ, ಬಾಯಿ ಒಂದು ಥರ, ಒಂದರಂತೆ ಇನ್ನೊಂದಿಲ್ಲ. ಮಗಳಿಗೆ ಪೆನ್ಸಿಲ್ ಕೊಡಿ. ನೂರು ಸಲ ಹಾಕಿ ಬರೆದಿಡಲಿ.

ತುಂಗೆ ದಡದವಳು

ಬರೆದಳು. ಒಂದು 14 ಸಲ, ಎರಡು 33, ಮೂರು 37, ಚೌಕ 14, ಬಾರ ಎರಡೇ ಸಲ.

ನಿವೃತ್ತ ಗಣಿತದ ಮೇಷ್ಟ್ರು

ನೂರು ಸಲ ಅನ್ನುವುದು ಕಮ್ಮಿಯೇ, ಎರಡಕ್ಕೂ ಮೂರಕ್ಕೂ ಇರುವ ಅಂತರವೂ ಸಣ್ಣದು. ಆದರೆ ಚೌಕ 14, ಬಾರ 2 ಅಂದರೆ ನಿಮ್ಮ ಕವಡೆಗಳು ಬಾಯಿ ಮೇಲೆ ಮಾಡಿ ಬೀಳುವುದು ಜಾಸ್ತಿ, ಅದಂತೂ ಕಾಣುತ್ತಿದೆ. ಅತ್ತೆಯವರಿಗೆ ನಾನು ಸೋತೆ ಅಂತ ಹೇಳಿ.

ತುಂಗೆ ದಡದವಳು

ಹೇಳಿದೆ. ಎದುರಿನವರ ಕಾಯಿಗಿಂತ ಮೂರು ಮನೆ ಮುಂದೆ ಅವರು ಯಾವತ್ತೂ ಕಾಯಿ ನಿಲ್ಲಿಸುವುದಿಲ್ಲವಂತೆ. ನಾವೆಲ್ಲ ಹತ್ತು ದಿನ ಅಲ್ಲೇ ನಿಂತು ಹೊಡೆಸಿಕೊಂಡೆವು. ಈಗ ಯಜಮಾನರು ಬೇರೆ ಕವಡೆ ತರಲು ಪೇಟೆಗೆ ಹೋಗಿದ್ದಾರೆ.